ಹಿತ್ತಲ ಕೋಳಿಗಳಲ್ಲಿ ಜಂತುಹುಳುಗಳ ಬಾಧೆ: ಪತ್ತೆ, ಚಿಕಿತ್ಸೆ ಮತ್ತು ನಿಯಂತ್ರಣ

ಪೀಠಿಕೆ

ಹಿತ್ತಲ ಕೋಳಿ ಸಾಕಣೆಯು ಗ್ರಾಮೀಣ ಕುಟುಂಬಗಳಿಗೆ, ಅದರಲ್ಲೂ ಮಹಿಳೆಯರಿಗೆ, ಕಡಿಮೆ ಬಂಡವಾಳದಲ್ಲಿ ಮೊಟ್ಟೆ, ಮಾಂಸ ಹಾಗೂ ಕೈಖರ್ಚಿನ ಹಣವನ್ನು ಒದಗಿಸುವ ಉಪಕಸುಬಾಗಿದೆ. ನಾಟಿ ಕೋಳಿಗಳೊಂದಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಲಾದ ಗಿರಿರಾಜ ಮತ್ತು ಸ್ವರ್ಣಧಾರ ತಳಿಗಳನ್ನೂ ಇಂದು ಅನೇಕರು ಸಾಕುತ್ತಿದ್ದಾರೆ. ಈ ಕೋಳಿಗಳು ಮಣ್ಣು ಕೆದಕಿ, ತಿಪ್ಪೆಯಲ್ಲಿ ಹುಳುಹುಪ್ಪಟೆಗಳನ್ನು ಹೆಕ್ಕಿ ತಿಂದು ಆಹಾರದ ಬಹುಭಾಗವನ್ನು ತಾವೇ ಸಂಪಾದಿಸಿಕೊಳ್ಳುತ್ತವೆ. ಖರ್ಚನ್ನು ಉಳಿಸುವ ಇದೇ ಗುಣವು ಅವುಗಳನ್ನು ಜಂತುಹುಳುಗಳ ಬಾಧೆಗೂ ಒಡ್ಡುತ್ತದೆ.

ಕೊಕ್ಕರೆ ರೋಗವು ಬಂದಾಗ ಕೋಳಿಗಳು ಒಂದೆರಡು ದಿನಗಳಲ್ಲಿ ಸಾಲಾಗಿ ಸಾಯುವುದರಿಂದ ಎಲ್ಲರ ಗಮನಕ್ಕೆ ಬರುತ್ತದೆ. ಜಂತುಹುಳುಗಳಿಂದಾಗುವ ನಷ್ಟ ಹಾಗಲ್ಲ. ಮರಿಗಳು ವಯಸ್ಸಿಗೆ ತಕ್ಕಂತೆ ಬೆಳೆಯುವುದಿಲ್ಲ, ಹೇಂಟೆಗಳು ತಡವಾಗಿ ಮೊಟ್ಟೆಗೆ ಬರುತ್ತವೆ, ಇಟ್ಟ ಮೊಟ್ಟೆಗಳ ಸಂಖ್ಯೆ ಕಡಿಮೆಯಾಗುತ್ತದೆ. ಹಾಕಿದ ಕಾಳು ಹುಳುಗಳ ಪಾಲಾಗುತ್ತಿದ್ದರೂ ಸಾಕಣೆದಾರರು ಇದನ್ನು ತಳಿಯ ದೋಷವೆಂದೋ ಆಹಾರದ ಕೊರತೆಯೆಂದೋ ಭಾವಿಸುವುದುಂಟು. ಇದಲ್ಲದೆ, ಹುಳುಗಳ ಹೊರೆ ಹೆಚ್ಚಿರುವ ಕೋಳಿಗಳಲ್ಲಿ ಲಸಿಕೆಯಿಂದ ದೊರೆಯಬೇಕಾದ ರೋಗನಿರೋಧಕ ಶಕ್ತಿಯೂ ಕುಂಠಿತಗೊಳ್ಳುತ್ತದೆ. ಆದುದರಿಂದ ಜಂತುಹುಳುಗಳ ನಿಯಂತ್ರಣವು ಹಿತ್ತಲ ಕೋಳಿ ಸಾಕಣೆಯ ಅವಿಭಾಜ್ಯ ಅಂಗವಾಗಬೇಕು.

ಕೋಳಿಗಳನ್ನು ಬಾಧಿಸುವ ಪ್ರಮುಖ ಜಂತುಹುಳುಗಳು

*1. ದೊಡ್ಡ ದುಂಡುಹುಳು (ಆಸ್ಕರಿಡಿಯಾ ಗ್ಯಾಲಿ):* ಇದು ಸಣ್ಣ ಕರುಳಿನಲ್ಲಿ ವಾಸಿಸುವ, ಹಳದಿ ಮಿಶ್ರಿತ ಬಿಳಿ ಬಣ್ಣದ ಹುಳು. ಹೆಣ್ಣು ಹುಳು ಸುಮಾರು 7ರಿಂದ 12 ಸೆಂ.ಮೀ. ಉದ್ದ ಬೆಳೆಯುತ್ತದೆ. ಇದರ ತತ್ತಿಗಳು ಹಿಕ್ಕೆಯ ಮೂಲಕ ಹೊರಬಂದು, ತೇವ ಮತ್ತು ಬೆಚ್ಚನೆಯ ವಾತಾವರಣದಲ್ಲಿ ಸುಮಾರು 10ರಿಂದ 20 ದಿನಗಳಲ್ಲಿ ಸೋಂಕುಕಾರಕ ಹಂತವನ್ನು ತಲಪುತ್ತವೆ. ಅವುಗಳನ್ನು ಕೋಳಿಗಳು ನೀರು, ಆಹಾರ ಅಥವಾ ಮಣ್ಣಿನೊಂದಿಗೆ ನುಂಗಿದಾಗ ಸೋಂಕು ತಗಲುತ್ತದೆ. ಮರಿಹುಳುಗಳು ಕೆಲಕಾಲ ಕರುಳಿನ ಒಳಪದರದೊಳಗೆ ಸೇರಿಕೊಂಡು ಅಲ್ಲಿ ಗಾಯವನ್ನುಂಟುಮಾಡುತ್ತವೆ. ಹೆಚ್ಚಿನ ಹಾನಿಯಾಗುವುದು ಈ ಹಂತದಲ್ಲಿಯೇ. ತತ್ತಿ ನುಂಗಿದ 5ರಿಂದ 8 ವಾರಗಳ ನಂತರ ಹುಳುಗಳು ಪ್ರೌಢವಾಗಿ ತಾವೂ ತತ್ತಿಯಿಡಲಾರಂಭಿಸುತ್ತವೆ. 3 ತಿಂಗಳೊಳಗಿನ ಕೋಳಿಗಳಲ್ಲಿ ಬಾಧೆ ತೀವ್ರ. ಹುಳುಗಳು ಅತಿಯಾದಾಗ ಕರುಳು ಕಟ್ಟಿಕೊಂಡು ಸಾವು ಸಂಭವಿಸಬಹುದು.

*2. ಕುರುಡುಕರುಳಿನ ಹುಳು (ಹೆಟೆರಾಕಿಸ್ ಗ್ಯಾಲಿನಾರಮ್):* ಕರುಳಿನ ಕೊನೆಯಲ್ಲಿರುವ ಎರಡು ಕುರುಡುಕರುಳುಗಳಲ್ಲಿ ಕಂಡುಬರುವ, 1ರಿಂದ 1.5 ಸೆಂ.ಮೀ. ಉದ್ದದ ಸಣ್ಣ ಬಿಳಿ ಹುಳು. ಕೋಳಿಗಳಿಗೆ ಇದರಿಂದಾಗುವ ನೇರ ಹಾನಿ ಅಲ್ಪ. ಆದರೆ ಇದರ ತತ್ತಿಯೊಳಗೆ ಹಿಸ್ಟೊಮೊನಾಸ್ ಎಂಬ ಏಕಕೋಶ ಪರೋಪಜೀವಿಯು ಸಾಗಿಬಂದು ಟರ್ಕಿ ಕೋಳಿಗಳಲ್ಲಿ ಮಾರಣಾಂತಿಕವಾದ ‘ಕಪ್ಪುತಲೆ ರೋಗ’ವನ್ನುಂಟುಮಾಡುತ್ತದೆ. ಈ ಕಾರಣಕ್ಕಾಗಿಯೇ ಟರ್ಕಿಗಳನ್ನು ಕೋಳಿಗಳೊಂದಿಗೆ ಒಂದೇ ಅಂಗಳದಲ್ಲಿ ಸಾಕಬಾರದು.

*3. ಕೂದಲುಹುಳು (ಕ್ಯಾಪಿಲೇರಿಯಾ):* ಕೂದಲೆಳೆಯಷ್ಟು ತೆಳುವಾಗಿರುವ ಈ ಹುಳುಗಳು ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಕೆಲವು ಪ್ರಭೇದಗಳು ಅನ್ನನಾಳ ಮತ್ತು ಗಂಟಲಚೀಲದಲ್ಲಿ, ಮತ್ತೆ ಕೆಲವು ಸಣ್ಣ ಕರುಳಿನಲ್ಲಿ ನೆಲೆಸುತ್ತವೆ. ಭೇದಿ, ನಿಶ್ಶಕ್ತಿ ಹಾಗೂ ಕೃಶತೆ ಉಂಟಾಗುತ್ತದೆ. ಕೆಲವು ಪ್ರಭೇದಗಳು ಎರೆಹುಳುಗಳ ಮೂಲಕ ಹರಡುತ್ತವೆ.

*4. ಶ್ವಾಸನಾಳದ ಹುಳು (ಸಿಂಗಮಸ್ ಟ್ರೇಕಿಯಾ):* ಗಂಡು ಹೆಣ್ಣು ಹುಳುಗಳು ಸದಾ ಜೊತೆಗೂಡಿರುವುದರಿಂದ ಕವಲೊಡೆದ ಕೆಂಪು ದಾರದಂತೆ ಕಾಣುತ್ತವೆ. ಬಾಧಿತ ಮರಿಗಳು ಕತ್ತನ್ನು ಮೇಲೆ ಚಾಚಿ, ಬಾಯ್ತೆರೆದು ಉಸಿರಾಡುತ್ತವೆ, ತಲೆ ಕೊಡವುತ್ತವೆ. ಎರೆಹುಳು ಮತ್ತು ಬಸವನಹುಳುಗಳು ಇದರ ಸೋಂಕನ್ನು ತಮ್ಮ ದೇಹದಲ್ಲಿ ಕಾಪಿಟ್ಟುಕೊಳ್ಳುತ್ತವೆ.

*5. ಲಾಡಿಹುಳುಗಳು:* ರೈಲಿಯೆಟಿನಾ ಜಾತಿಯ ಲಾಡಿಹುಳುಗಳು ನಮ್ಮ ಹಿತ್ತಲ ಕೋಳಿಗಳಲ್ಲಿ ಸಾಮಾನ್ಯ. ಇವು 25 ಸೆಂ.ಮೀ.ವರೆಗೂ ಬೆಳೆಯಬಲ್ಲವು. ಒಂದು ಪ್ರಭೇದವು ಸಣ್ಣ ಕರುಳಿನ ಗೋಡೆಯಲ್ಲಿ ಗಂಟುಗಳನ್ನುಂಟುಮಾಡುತ್ತದೆ. ಇವು ಕ್ಷಯರೋಗದ ಗಂಟುಗಳನ್ನು ಹೋಲುತ್ತವೆ. ಕೇವಲ 4 ಮಿ.ಮೀ. ಉದ್ದದ ಡವೈನಿಯಾ ಎಂಬ ಲಾಡಿಹುಳು ಗಾತ್ರದಲ್ಲಿ ಕಿರಿದಾದರೂ ಮರಿಗಳಿಗೆ ಬಹಳ ಅಪಾಯಕಾರಿ. ಲಾಡಿಹುಳುವಿನ ಸೋಂಕು ಕೋಳಿಯಿಂದ ಕೋಳಿಗೆ ನೇರವಾಗಿ ಹರಡುವುದಿಲ್ಲ. ಪ್ರಭೇದಕ್ಕನುಗುಣವಾಗಿ ಇರುವೆ, ಸಗಣಿ ಜೀರುಂಡೆ, ಮನೆನೊಣ ಅಥವಾ ಬಸವನಹುಳುವನ್ನು ತಿಂದಾಗ ಮಾತ್ರ ತಗಲುತ್ತದೆ.

*6. ಕಣ್ಣಿನ ಹುಳು (ಆಕ್ಸಿಸ್ಪೈರುರಾ):* ಜಿರಳೆಗಳ ಮೂಲಕ ಹರಡುವ ಈ ಹುಳು ಕಣ್ಣಿನ ಮೂರನೇ ರೆಪ್ಪೆಯಡಿ ಸೇರಿ ಉರಿಯೂತ, ನೀರು ಸೋರುವಿಕೆ ಹಾಗೂ ರೆಪ್ಪೆ ಅಂಟಿಕೊಳ್ಳುವಿಕೆಯನ್ನುಂಟುಮಾಡುತ್ತದೆ.

ಬಾಧೆ ಹರಡಲು ಅನುಕೂಲವಾಗುವ ಸನ್ನಿವೇಶಗಳು

ಜಂತುಹುಳುಗಳ ತತ್ತಿಗಳು ಬೆಳೆಯಲು ತೇವ, ನೆರಳು ಮತ್ತು ಬೆಚ್ಚನೆಯ ಹವೆ ಅಗತ್ಯ. ಮಳೆಗಾಲದಲ್ಲಿ ಈ ಮೂರೂ ಒಟ್ಟಿಗೆ ದೊರೆಯುವುದರಿಂದ ಸೋಂಕು ಏರುತ್ತದೆ. ಮಳೆಯಿಂದಾಗಿ ಎರೆಹುಳು ಹಾಗೂ ಬಸವನಹುಳುಗಳು ನೆಲದ ಮೇಲಕ್ಕೆ ಬರುವುದೂ ಇದಕ್ಕೆ ಪೂರಕ. ಮಲೆನಾಡು ಮತ್ತು ಕರಾವಳಿಯ ನೆರಳಿನ ತೋಟಗಳಲ್ಲಿ ತೇವ ದೀರ್ಘಕಾಲ ಉಳಿಯುವುದರಿಂದ ಅಪಾಯದ ಅವಧಿಯೂ ದೀರ್ಘ. ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲಿಗೆ ಒಡ್ಡಿದ ಒಣ ನೆಲದ ಮೇಲಿನ ತತ್ತಿಗಳು ಬೇಗನೆ ನಾಶವಾಗುತ್ತವೆ. ಆದರೆ ನೀರಿನ ತೊಟ್ಟಿ, ಬಚ್ಚಲ ಗುಂಡಿ ಹಾಗೂ ತಿಪ್ಪೆಯ ಸುತ್ತಲಿನ ತೇವದ ನೆಲದಲ್ಲಿ ಅವು ವರ್ಷವಿಡೀ ಉಳಿಯಬಲ್ಲವು.

ದುಂಡುಹುಳುವಿನ ತತ್ತಿಗೆ ದಪ್ಪನೆಯ ಹೊರಪದರವಿರುವುದರಿಂದ ಫಿನಾಯಿಲ್ ಮೊದಲಾದ ಸಾಮಾನ್ಯ ಸೋಂಕುನಿವಾರಕಗಳಿಂದ ಅದು ನಾಶವಾಗುವುದಿಲ್ಲ. ಬಿಸಿಲು, ಒಣಗುವಿಕೆ ಮತ್ತು ಶಾಖ ಮಾತ್ರ ಅದನ್ನು ಕೊಲ್ಲಬಲ್ಲವು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಗೂಡಿನ ಸ್ವಚ್ಛತೆಯನ್ನು ಹೇಗೆ ಮಾಡಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ರೋಗಲಕ್ಷಣಗಳು

- ಆಹಾರ ತಿನ್ನುತ್ತಿದ್ದರೂ ತೂಕ ಇಳಿಯುವುದು. ಎದೆಯ ಮೂಳೆ ಚೂಪಾಗಿ ಕೈಗೆ ಸಿಗುವುದು
- ಜುಟ್ಟು ಮತ್ತು ಗಲ್ಲದ ಜೋಲು ಬಿಳಿಚಿಕೊಳ್ಳುವುದು
- ರೆಕ್ಕೆ ಇಳಿಬಿಡುವುದು, ಪುಕ್ಕಗಳು ಕೆದರಿ ಹೊಳಪು ಕಳೆದುಕೊಳ್ಳುವುದು, ಮಂಕಾಗಿ ಮೂಲೆಯಲ್ಲಿ ನಿಲ್ಲುವುದು
- ಭೇದಿ, ಗುದದ್ವಾರದ ಸುತ್ತಲಿನ ಪುಕ್ಕಗಳು ಹೊಲಸಾಗಿರುವುದು
- ಹಿಕ್ಕೆಯಲ್ಲಿ ಹುಳುಗಳು ಅಥವಾ ಅಕ್ಕಿಕಾಳಿನಂತಹ ಲಾಡಿಹುಳುವಿನ ತುಣುಕುಗಳು ಕಾಣುವುದು
- ಮೊಟ್ಟೆ ಇಳುವರಿ ಕುಸಿಯುವುದು

ಒಂದೇ ವಯಸ್ಸಿನ ಮರಿಗಳ ಗಾತ್ರದಲ್ಲಿ ಎದ್ದುಕಾಣುವ ವ್ಯತ್ಯಾಸವಿದ್ದರೆ ಜಂತುಹುಳುಗಳ ಬಗ್ಗೆ ಸಂಶಯಪಡಬೇಕು. ಅಪರೂಪಕ್ಕೆ ದುಂಡುಹುಳುವು ಅಂಡನಾಳಕ್ಕೆ ಸೇರಿ ಮೊಟ್ಟೆಯೊಳಗೆ ಸಿಕ್ಕಿಕೊಳ್ಳುವುದುಂಟು. ಈ ಹುಳು ಮನುಷ್ಯರ ದೇಹದಲ್ಲಿ ನೆಲೆಸುವುದಿಲ್ಲವಾದರೂ ಅಂತಹ ಮೊಟ್ಟೆಯು ಬಳಕೆಗೆ ಯೋಗ್ಯವಲ್ಲ.

ಇತರ ರೋಗಗಳಿಂದ ಬೇರ್ಪಡಿಸುವುದು

ಮೇಲಿನ ಲಕ್ಷಣಗಳು ಬೇರೆ ಕಾಯಿಲೆಗಳಲ್ಲಿಯೂ ಇರಬಹುದಾದ್ದರಿಂದ ಔಷಧಿ ನೀಡುವ ಮುನ್ನ ಪರಿಶೀಲಿಸುವುದು ಒಳಿತು.

ಹಿಕ್ಕೆಯಲ್ಲಿ ರಕ್ತ ಕಂಡುಬಂದರೆ, ಅದರಲ್ಲೂ 3ರಿಂದ 8 ವಾರಗಳ ಮರಿಗಳಲ್ಲಿ, ಅದು ಬಹುತೇಕ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ ರೋಗ. ಜಂತುನಾಶಕಗಳು ಇದಕ್ಕೆ ಕೆಲಸ ಮಾಡುವುದಿಲ್ಲ. ತಪ್ಪು ಔಷಧಿಯಲ್ಲಿ ಕಳೆದ ಒಂದೆರಡು ದಿನಗಳಲ್ಲಿಯೇ ಮರಿಗಳು ಸಾಯಬಹುದು. ಹಸಿರು ಭೇದಿ, ಕತ್ತು ತಿರುಚುವಿಕೆ ಹಾಗೂ ಹಠಾತ್ ಸಾವುಗಳಿದ್ದರೆ ಕೊಕ್ಕರೆ ರೋಗವನ್ನು ಶಂಕಿಸಿ ತಕ್ಷಣ ಪಶುವೈದ್ಯರಿಗೆ ತಿಳಿಸಬೇಕು. ಜುಟ್ಟು ಬಿಳಿಚಿಕೊಂಡಿದ್ದರೆ ರಾತ್ರಿ ವೇಳೆ ದೀಪ ಹಿಡಿದು ಕೋಳಿಗಳನ್ನೂ ಗೂಡಿನ ಸಂದುಗಳನ್ನೂ ಪರೀಕ್ಷಿಸಬೇಕು. ರಾತ್ರಿ ಹೊತ್ತು ರಕ್ತ ಹೀರುವ ನುಸಿಗಳೂ ಇದೇ ಲಕ್ಷಣವನ್ನುಂಟುಮಾಡುತ್ತವೆ. ಬಾಯ್ತೆರೆದು ಉಸಿರಾಡುವುದು ಶ್ವಾಸಕೋಶದ ಸೋಂಕಿನಿಂದಲೂ ಬೇಸಿಗೆಯ ಸೆಕೆಯಿಂದಲೂ ಆಗಬಹುದು.

ಪತ್ತೆ ಮಾಡುವ ವಿಧಾನ

*ಹಿಕ್ಕೆ ಪರೀಕ್ಷೆ:* ಬೆಳಿಗ್ಗೆ 8ರಿಂದ 10 ಕೋಳಿಗಳ ತಾಜಾ ಹಿಕ್ಕೆಯನ್ನು ಸ್ವಲ್ಪ ಸ್ವಲ್ಪವೇ ಸಂಗ್ರಹಿಸಬೇಕು. ಸಾಮಾನ್ಯ ಹಿಕ್ಕೆಯ ಜೊತೆಗೆ ಕಂದು ಬಣ್ಣದ, ಅಂಟಂಟಾದ ಕುರುಡುಕರುಳಿನ ಹಿಕ್ಕೆಯನ್ನೂ ಸೇರಿಸಬೇಕು. ಶುದ್ಧವಾದ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ಅಥವಾ ರೋಗ ತಪಾಸಣಾ ಪ್ರಯೋಗಾಲಯಕ್ಕೆ ತಲಪಿಸಬೇಕು. ಅಲ್ಲಿ ಸೂಕ್ಷ್ಮದರ್ಶಕದಡಿ ತತ್ತಿಗಳನ್ನು ಪತ್ತೆಹಚ್ಚುತ್ತಾರೆ. ಎಳೆಯ ಹುಳುಗಳು ತತ್ತಿಯಿಡುವುದಿಲ್ಲವಾದ್ದರಿಂದ ಸೋಂಕಿನ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆಯ ಫಲಿತಾಂಶವು ‘ಹುಳುವಿಲ್ಲ’ ಎಂದು ಬರಬಹುದು. ಲಕ್ಷಣಗಳು ಮುಂದುವರಿದಿದ್ದರೆ 3 ವಾರಗಳ ನಂತರ ಪರೀಕ್ಷೆಯನ್ನು ಪುನರಾವರ್ತಿಸಬೇಕು.

*ಕರುಳಿನ ಪರೀಕ್ಷೆ:* ಹಬ್ಬ, ಜಾತ್ರೆಗಳಿಗಾಗಿ ಅಥವಾ ಮನೆಯ ಅಡುಗೆಗಾಗಿ ಕೋಳಿ ಕೊಯ್ದಾಗ ಅದರ ಕರುಳನ್ನು ಎಸೆಯುವ ಮುನ್ನ ನೀರು ತುಂಬಿದ ತಟ್ಟೆಯಲ್ಲಿಟ್ಟು ಉದ್ದಕ್ಕೆ ಸೀಳಿ ನೋಡಬೇಕು. ದುಂಡುಹುಳು, ಲಾಡಿಹುಳುಗಳು ಬರಿಗಣ್ಣಿಗೆ ಕಾಣುತ್ತವೆ. ಕುರುಡುಕರುಳುಗಳ ತುದಿಯಲ್ಲಿ ಸಣ್ಣ ಬಿಳಿ ಹುಳುಗಳಿರುತ್ತವೆ. ಒಂದು ಕೋಳಿಯಲ್ಲಿ ಕಂಡದ್ದು ಹಿಂಡಿನ ಸ್ಥಿತಿಯನ್ನು ಸೂಚಿಸುವುದರಿಂದ ಇದು ಖರ್ಚಿಲ್ಲದ ಉತ್ತಮ ಪರೀಕ್ಷೆ. ಪರೀಕ್ಷಿಸಿದ ಕರುಳನ್ನು ಕೋಳಿಗಳಿಗಾಗಲಿ ನಾಯಿಗಳಿಗಾಗಲಿ ಹಾಕದೆ ಆಳವಾಗಿ ಹೂಳಬೇಕು.

ಚಿಕಿತ್ಸೆ

ಎಲ್ಲ ಹುಳುಗಳಿಗೂ ಒಂದೇ ಔಷಧಿ ಸರಿಹೊಂದುವುದಿಲ್ಲ. ಹುಳುವಿನ ವಿಧವನ್ನು ತಿಳಿದು, ಪಶುವೈದ್ಯರ ಸಲಹೆಯಂತೆ ಔಷಧಿಯನ್ನು ಆರಿಸಬೇಕು. ಕೆಳಗಿನ ಪಟ್ಟಿಯು ಮಾರ್ಗದರ್ಶನಕ್ಕಾಗಿ ಮಾತ್ರ.

| ಔಷಧಿ | ಯಾವ ಹುಳುಗಳಿಗೆ | ಸಾಮಾನ್ಯ ಪ್ರಮಾಣ | ಸೂಚನೆ |
|---|---|---|---|
| ಪೈಪರಜಿನ್ | ದೊಡ್ಡ ದುಂಡುಹುಳು ಮಾತ್ರ | 6 ವಾರದೊಳಗಿನ ಕೋಳಿಗೆ 50 ಮಿ.ಗ್ರಾಂ, ಅದಕ್ಕಿಂತ ದೊಡ್ಡದಕ್ಕೆ 100 ಮಿ.ಗ್ರಾಂ, ಒಮ್ಮೆ | ಎಳೆಯ ಹುಳುಗಳ ಮೇಲೆ ಪರಿಣಾಮ ಕಡಿಮೆ. 2ರಿಂದ 3 ವಾರಗಳ ನಂತರ ಮರಳಿ ನೀಡಬೇಕು |
| ಫೆನ್‌ಬೆಂಡಜೋಲ್ | ದುಂಡುಹುಳು, ಕುರುಡುಕರುಳಿನ ಹುಳು | ಪ್ರತಿ ಕಿ.ಗ್ರಾಂ ದೇಹತೂಕಕ್ಕೆ ದಿನಕ್ಕೆ 1 ಮಿ.ಗ್ರಾಂ, ಸತತ 5 ದಿನ | ಇತರ ಹುಳುಗಳಿಗೆ ಪ್ರಮಾಣ ಬೇರೆ. ಪುಕ್ಕ ಉದುರಿ ಹೊಸದು ಬರುವಾಗ ನೀಡಬಾರದು |
| ಆಲ್ಬೆಂಡಜೋಲ್ | ದುಂಡುಹುಳು, ಕುರುಡುಕರುಳಿನ ಹುಳು, ಕೂದಲುಹುಳು. ಹೆಚ್ಚಿನ ಪ್ರಮಾಣದಲ್ಲಿ ಲಾಡಿಹುಳು | ಪ್ರತಿ ಕಿ.ಗ್ರಾಂಗೆ 10ರಿಂದ 20 ಮಿ.ಗ್ರಾಂ | ಮರಿ ಮಾಡಿಸಲು ಮೊಟ್ಟೆ ಸಂಗ್ರಹಿಸುವ ಅವಧಿಯಲ್ಲಿ ಬೇಡ |
| ಲೆವಾಮಿಸೋಲ್ | ದುಂಡುಹುಳುಗಳು, ಶ್ವಾಸನಾಳದ ಹುಳು | ಪ್ರತಿ ಕಿ.ಗ್ರಾಂಗೆ ಸುಮಾರು 20 ಮಿ.ಗ್ರಾಂ | ಪ್ರಮಾಣ ಮೀರಿದರೆ ವಿಷವಾಗುತ್ತದೆ. ತೀರಾ ನಿಶ್ಶಕ್ತ ಕೋಳಿಗಳಿಗೆ ಬೇಡ |
| ಪ್ರಾಜಿಕ್ವಾಂಟೆಲ್ | ಲಾಡಿಹುಳುಗಳು | ಪ್ರತಿ ಕಿ.ಗ್ರಾಂಗೆ 10 ಮಿ.ಗ್ರಾಂ | ದುಂಡುಹುಳುಗಳ ಮೇಲೆ ಪರಿಣಾಮವಿಲ್ಲ |

*ಪ್ರಮಾಣದ ಲೆಕ್ಕ:* ಔಷಧಿಯ ಪ್ರಮಾಣವನ್ನು ಮಿಲಿಲೀಟರ್‌ನಲ್ಲಿ ಅಲ್ಲ, ಮಿಲಿಗ್ರಾಂನಲ್ಲಿ ಲೆಕ್ಕ ಹಾಕಬೇಕು. ಉದಾಹರಣೆಗೆ, ಶೇ. 2.5ರ ಆಲ್ಬೆಂಡಜೋಲ್ ದ್ರಾವಣದ 1 ಮಿ.ಲೀ.ನಲ್ಲಿ 25 ಮಿ.ಗ್ರಾಂ ಔಷಧಿಯಿರುತ್ತದೆ. 1.5 ಕಿ.ಗ್ರಾಂ ತೂಕದ ಹೇಂಟೆಗೆ ಕಿ.ಗ್ರಾಂಗೆ 10 ಮಿ.ಗ್ರಾಂನಂತೆ 15 ಮಿ.ಗ್ರಾಂ, ಅಂದರೆ 0.6 ಮಿ.ಲೀ. ಸಾಕು. ಅದೇ ಔಷಧಿ ಶೇ. 10ರ ಸಾಂದ್ರತೆಯದಾಗಿದ್ದರೆ 1 ಮಿ.ಲೀ.ನಲ್ಲಿ 100 ಮಿ.ಗ್ರಾಂ ಇರುವುದರಿಂದ 0.15 ಮಿ.ಲೀ. ಮಾತ್ರ ಬೇಕು. ಶೀಶೆಯ ಮೇಲಿನ ಸಾಂದ್ರತೆಯನ್ನು ಓದದೆ ಹಳೆಯ ಅಳತೆಯಲ್ಲಿಯೇ ಹಾಕಿದರೆ ಕೋಳಿಗೆ ನಾಲ್ಕು ಪಟ್ಟು ಔಷಧಿ ಸೇರುತ್ತದೆ. ದನಕರುಗಳಿಗೆಂದು ತಂದ ಔಷಧಿಯಲ್ಲಿ ಉಳಿದದ್ದನ್ನು ಅಂದಾಜಿನ ಮೇಲೆ ಕೋಳಿಗಳಿಗೆ ಹಾಕುವ ರೂಢಿಯು ಈ ಕಾರಣದಿಂದ ಅಪಾಯಕಾರಿ. ಕಡಿಮೆ ಪ್ರಮಾಣ ನೀಡುವುದೂ ತಪ್ಪೇ. ಅದರಿಂದ ಬದುಕುಳಿದ ಹುಳುಗಳು ಔಷಧಿಗೆ ಪ್ರತಿರೋಧ ಬೆಳೆಸಿಕೊಳ್ಳುತ್ತವೆ.

*ನೀಡುವ ಕ್ರಮ:*

1. ಕೆಲವೇ ಕೋಳಿಗಳಿದ್ದರೆ ಪ್ರತಿಯೊಂದಕ್ಕೂ ಸೂಜಿಯಿಲ್ಲದ ಸಿರಿಂಜಿನಿಂದ ಕೊಕ್ಕಿನ ಪಕ್ಕದಲ್ಲಿ ಹನಿಹನಿಯಾಗಿ ಹಾಕಿ ನುಂಗಲು ಬಿಡುವುದು ಉತ್ತಮ. ರಭಸದಿಂದ ಸುರಿದರೆ ಔಷಧಿಯು ಶ್ವಾಸನಾಳಕ್ಕೆ ಹೋಗುತ್ತದೆ.
2. ನೀರಿನಲ್ಲಿ ಕರಗುವ ಔಷಧಿಯಾಗಿದ್ದರೆ ರಾತ್ರಿ ನೀರಿನ ಪಾತ್ರೆಗಳನ್ನು ತೆಗೆದಿಟ್ಟು, ಬೆಳಿಗ್ಗೆ ಕೋಳಿಗಳು 4 ಗಂಟೆಗಳೊಳಗೆ ಕುಡಿದು ಮುಗಿಸುವಷ್ಟು ನೀರಿನಲ್ಲಿ ಮಾತ್ರ ಬೆರೆಸಬೇಕು. ಅಷ್ಟು ಹೊತ್ತು ಬೇರೆ ನೀರಿನ ಮೂಲ ಸಿಗದಂತೆ ಗೂಡಿನಲ್ಲಿಯೇ ಕೂಡಿಹಾಕಬೇಕು. ಕಡುಬೇಸಿಗೆಯಲ್ಲಿ ನೀರು ತಡೆಹಿಡಿಯಬಾರದು.
3. ನೀರಿನಲ್ಲಿ ಕರಗದ ದ್ರಾವಣಗಳು ಪಾತ್ರೆಯ ತಳದಲ್ಲಿ ಕುಳಿತುಬಿಡುತ್ತವೆ. ಇವನ್ನು ಬೆಳಗಿನ ಆಹಾರದ ಅರ್ಧ ಪಾಲಿನಲ್ಲಿ ಚೆನ್ನಾಗಿ ಕಲಸಿ ನೀಡಬೇಕು. ಬಲಿಷ್ಠ ಕೋಳಿಗಳೇ ಎಲ್ಲವನ್ನೂ ತಿನ್ನದಂತೆ ಎರಡು ಮೂರು ಕಡೆ ತಟ್ಟೆಗಳನ್ನಿಡಬೇಕು.
4. ಹಿಂಡಿನ ಎಲ್ಲ ಕೋಳಿಗಳಿಗೂ ಒಂದೇ ದಿನ ಔಷಧಿ ನೀಡಬೇಕು.
5. ಔಷಧಿ ನೀಡಿದ ನಂತರ 2 ದಿನ ಕೋಳಿಗಳನ್ನು ಒಂದೆಡೆ ಕೂಡಿಹಾಕಿ, ಹೊರಬಿದ್ದ ಹುಳು ಹಾಗೂ ಹಿಕ್ಕೆಯನ್ನು ದಿನವೂ ತೆಗೆಯಬೇಕು. ಪೈಪರಜಿನ್ ಹುಳುಗಳನ್ನು ನಿಶ್ಚೇಷ್ಟಗೊಳಿಸಿ ಹೊರಹಾಕುತ್ತದೆ. ಅವುಗಳ ದೇಹದಲ್ಲಿನ ತತ್ತಿಗಳು ನೆಲಕ್ಕೆ ಸೇರಬಾರದು.
6. ಚಿಕಿತ್ಸೆಯ ನಂತರ 3ರಿಂದ 5 ದಿನ ಜೀವಸತ್ವಗಳ ಮಿಶ್ರಣ ನೀಡಿದರೆ ಚೇತರಿಕೆಗೆ ಸಹಾಯವಾಗುತ್ತದೆ.

*ಮೊಟ್ಟೆ ಮತ್ತು ಮಾಂಸದ ಬಳಕೆ:* ಔಷಧಿಯ ಅಂಶವು ಕೆಲಕಾಲ ಮೊಟ್ಟೆ, ಮಾಂಸಗಳಲ್ಲಿ ಉಳಿಯುತ್ತದೆ. ಲೇಬಲ್‌ನಲ್ಲಿ ಸೂಚಿಸಿದ ಅವಧಿ ಮುಗಿಯುವವರೆಗೆ ಅವುಗಳನ್ನು ಮಾರಬಾರದು, ತಿನ್ನಬಾರದು. ಮೊಟ್ಟೆಯಿಡುವ ಕೋಳಿಗಳ ಬಗ್ಗೆ ಲೇಬಲ್‌ನಲ್ಲಿ ಉಲ್ಲೇಖವಿಲ್ಲದಿದ್ದರೆ ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಹೇಂಟೆಯು ಕಾವಿಗೆ ಕುಳಿತ ಮೊದಲ ವಾರವು ಜಂತುನಾಶಕ ನೀಡಲು ಅನುಕೂಲಕರ ಸಮಯ. ಆಗ ಅದು ಮೊಟ್ಟೆ ಇಡುತ್ತಿರುವುದಿಲ್ಲ, ಅಡಿಯಲ್ಲಿಟ್ಟ ಮೊಟ್ಟೆಗಳಿಗೆ ಔಷಧಿ ಸೇರುವುದಿಲ್ಲ. 21 ದಿನಗಳ ನಂತರ ಮರಿಗಳು ಹೊರಬರುವ ಹೊತ್ತಿಗೆ ತಾಯಿಕೋಳಿಯು ಹುಳುಮುಕ್ತವಾಗಿರುತ್ತದೆ. ಕಾವಿನ ಕೋಳಿ ಅಲ್ಪಾಹಾರಿಯಾದ್ದರಿಂದ ಔಷಧಿಯನ್ನು ನೇರವಾಗಿ ಬಾಯಿಗೇ ಹಾಕಬೇಕು.

ಮನೆಮದ್ದುಗಳ ಬಗ್ಗೆ

ಬೆಳ್ಳುಳ್ಳಿ, ಬೇವು, ಪರಂಗಿ ಬೀಜ ಮುಂತಾದವುಗಳ ಬಳಕೆ ರೂಢಿಯಲ್ಲಿದೆ. ಇವುಗಳನ್ನು ಪೂರಕವಾಗಿ ನೀಡಲು ಅಡ್ಡಿಯಿಲ್ಲವಾದರೂ ತೀವ್ರ ಬಾಧೆಯಿದ್ದಾಗ ಇವನ್ನೇ ನಂಬಿ ಕೂರಬಾರದು. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶವು ಲಾಡಿಹುಳುಗಳ ಮೇಲೆ ಪರಿಣಾಮ ಬೀರುವುದು ನಿಜವಾದರೂ, ಅದರ ಪ್ರಮಾಣ ಸ್ವಲ್ಪ ಹೆಚ್ಚಿದರೂ ಕೋಳಿಗೆ ವಿಷವಾಗುತ್ತದೆ. ಸೀಮೆಎಣ್ಣೆ, ತಂಬಾಕಿನ ಕಷಾಯ, ಮೈಲುತುತ್ತ ಇವುಗಳನ್ನು ಯಾವ ಕಾರಣಕ್ಕೂ ಕುಡಿಸಬಾರದು.

ತಡೆಗಟ್ಟುವ ಕ್ರಮಗಳು

ಔಷಧಿಯು ಕೋಳಿಯ ಹೊಟ್ಟೆಯಲ್ಲಿರುವ ಹುಳುಗಳನ್ನು ಮಾತ್ರ ಕೊಲ್ಲುತ್ತದೆ. ಅಂಗಳದಲ್ಲಿರುವ ತತ್ತಿಗಳು ಹಾಗೆಯೇ ಉಳಿಯುತ್ತವೆ. ಆದುದರಿಂದ ಈ ಕೆಳಗಿನ ಕ್ರಮಗಳಿಲ್ಲದೆ ಚಿಕಿತ್ಸೆಯೊಂದರಿಂದಲೇ ಶಾಶ್ವತ ಪ್ರಯೋಜನ ದೊರೆಯದು.

*ಗೂಡು:* ರಾತ್ರಿಯ ಗೂಡನ್ನು ನೆಲದಿಂದ 2ರಿಂದ 3 ಅಡಿ ಎತ್ತರದಲ್ಲಿ, ಬಿದಿರು ಅಥವಾ ಅಡಿಕೆ ದಬ್ಬೆಗಳ ಸಂದುಗಳಿರುವ ನೆಲಹಾಸಿನೊಂದಿಗೆ ನಿರ್ಮಿಸಿದರೆ ಹಿಕ್ಕೆಯು ಕೆಳಗೆ ಬೀಳುತ್ತದೆ. ಕೋಳಿಗಳು ಗೂಡಿನಡಿಗೆ ಹೋಗದಂತೆ ಬಲೆ ಅಥವಾ ತಟ್ಟಿ ಕಟ್ಟಬೇಕು. ನೆಲದ ಮೇಲಿನ ಗೂಡಾದರೆ ಭತ್ತದ ಹೊಟ್ಟನ್ನು 2ರಿಂದ 3 ಅಂಗುಲ ದಪ್ಪ ಹರಡಿ, ವಾರಕ್ಕೆರಡು ಬಾರಿ ಕೆದಕಿ ಒಣಗಿಸಬೇಕು. ಒದ್ದೆಯಾದ ಹಾಸನ್ನು ಕೂಡಲೇ ತೆಗೆಯಬೇಕು. ಬಿದಿರಿನ ಮಂಕರಿ, ತಟ್ಟೆ ಮೊದಲಾದವನ್ನು ಕುದಿಯುವ ನೀರಿನಿಂದ ತೊಳೆದು ಬಿಸಿಲಿಗಿಡಬೇಕು.

*ನೀರು ಮತ್ತು ಆಹಾರ:* ಕಾಳನ್ನು ನೆಲಕ್ಕೆ ಚೆಲ್ಲದೆ ತಟ್ಟೆಯಲ್ಲಿ ಹಾಕಬೇಕು. ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟು, ಅದರ ಸುತ್ತ ಕೆಸರಾಗದಂತೆ ಆಗಾಗ್ಗೆ ಜಾಗ ಬದಲಿಸಬೇಕು. ಸಸಾರಜನಕ ಮತ್ತು ‘ಎ’ ಜೀವಸತ್ವದ ಕೊರತೆಯಿರುವ ಕೋಳಿಗಳಿಗೆ ಹುಳುಗಳ ಬಾಧೆ ಹೆಚ್ಚು. ನುಗ್ಗೆ ಸೊಪ್ಪು, ಅಜೋಲಾಗಳನ್ನು ಆಹಾರದೊಂದಿಗೆ ನೀಡಬಹುದು.

*ತಿಪ್ಪೆ ಮತ್ತು ಹಿಕ್ಕೆ ವಿಲೇವಾರಿ:* ಲಾಡಿಹುಳುವನ್ನು ಹರಡುವ ನೊಣ, ಜೀರುಂಡೆಗಳ ತವರು ತಿಪ್ಪೆ. ಸಾಧ್ಯವಾದಷ್ಟು ಅದನ್ನು ಗೂಡಿನಿಂದ ದೂರವಿಟ್ಟು ಮುಳ್ಳು ಅಥವಾ ಬಲೆಯ ಬೇಲಿ ಹಾಕಬೇಕು. ಕೋಳಿಯ ಹಿಕ್ಕೆಯನ್ನು ಗುಡ್ಡೆ ಹಾಕಿ ಮುಚ್ಚಿ ಕಳಿಸಿದಾಗ ಒಳಗಿನ ಶಾಖಕ್ಕೆ ತತ್ತಿಗಳು ನಾಶವಾಗುತ್ತವೆ. ಹೊರಪದರವನ್ನು ಒಳಕ್ಕೆ ತಿರುವಿ ಹಾಕುವುದು ಅವಶ್ಯ. ಹಸಿ ಹಿಕ್ಕೆಯನ್ನು ಕೋಳಿಗಳು ಮೇಯುವ ಕೈತೋಟಕ್ಕೆ ಹಾಕಬಾರದು.

*ಅಂಗಳ:* ಜಾಗವಿದ್ದವರು ಅದನ್ನು ಎರಡು ಭಾಗ ಮಾಡಿ ಸರದಿಯಂತೆ ಬಳಸಬೇಕು. ಬಿಟ್ಟ ಭಾಗದ ಮೇಲ್ಮಣ್ಣನ್ನು ಬೇಸಿಗೆಯಲ್ಲಿ ಅಗೆದು ತಿರುವಿ ಬಿಸಿಲಿಗೆ ಒಡ್ಡಬೇಕು.

*ಮರಿಗಳು:* ತಾಯಿಕೋಳಿಯನ್ನು ಮರಿಗಳ ಸಹಿತ ಮೊದಲ 4ರಿಂದ 6 ವಾರ ಶುಚಿಯಾದ, ಒಣಗಿದ ಪ್ರತ್ಯೇಕ ಜಾಗದಲ್ಲಿಡಬೇಕು. ಬೆಳೆದ ಕೋಳಿಗಳು ರೋಗಲಕ್ಷಣ ತೋರದೆಯೇ ತತ್ತಿಗಳನ್ನು ಉದುರಿಸುತ್ತಿರುತ್ತವೆ.

*ಹೊಸ ಕೋಳಿಗಳು:* ಸಂತೆಯಿಂದ ಅಥವಾ ನೆಂಟರ ಮನೆಯಿಂದ ತಂದ ಕೋಳಿಗಳನ್ನು 3ರಿಂದ 4 ವಾರ ಬೇರೆಯಾಗಿರಿಸಿ, ಜಂತುನಾಶಕ ನೀಡಿದ ನಂತರವೇ ಹಿಂಡಿಗೆ ಸೇರಿಸಬೇಕು.

ಜಂತುನಾಶಕ ನೀಡುವ ವೇಳಾಪಟ್ಟಿ

- ಮರಿಗಳಿಗೆ ಮೊದಲ ಬಾರಿ: 7ನೇ ವಾರ; 8ನೇ ವಾರದ ಕೊಕ್ಕರೆ ರೋಗದ ಆರ್2ಬಿ ಲಸಿಕೆಗೆ ಒಂದು ವಾರ ಮೊದಲು
- ಎರಡನೇ ಬಾರಿ: ಮೊಟ್ಟೆಗೆ ಬರುವ ಮುನ್ನ, ಸುಮಾರು 16ನೇ ವಾರ
- ಬೆಳೆದ ಕೋಳಿಗಳಿಗೆ: ಮುಂಗಾರಿಗೆ ಮುನ್ನ ಮೇ ಕೊನೆಯಲ್ಲಿ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹಾಗೂ ಮಳೆ ಮುಗಿದ ನಂತರ ನವೆಂಬರ್–ಡಿಸೆಂಬರ್‌ನಲ್ಲಿ

ಒಣ ಪ್ರದೇಶಗಳಲ್ಲಿ ಹಿಕ್ಕೆ ಪರೀಕ್ಷೆಯ ಫಲಿತಾಂಶವನ್ನು ನೋಡಿಕೊಂಡು ಈ ಸಂಖ್ಯೆಯನ್ನು ಕಡಿಮೆ ಮಾಡಬಹುದು. ಪ್ರತಿ ತಿಂಗಳೂ ಔಷಧಿ ನೀಡುವ ಅಗತ್ಯವಿಲ್ಲ. ಅದರಿಂದ ಖರ್ಚು ಹಾಗೂ ಔಷಧಿ ಪ್ರತಿರೋಧ ಎರಡೂ ಹೆಚ್ಚುತ್ತವೆ. ನೀಡಿದ ದಿನಾಂಕ, ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಒಂದು ಪುಸ್ತಕದಲ್ಲಿ ಅಥವಾ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಸೂಕ್ತ.

ಪಶುವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಔಷಧಿ ನೀಡಿದ 2 ವಾರಗಳ ನಂತರವೂ ಚೇತರಿಕೆ ಕಾಣದಿದ್ದಲ್ಲಿ, ಹಿಕ್ಕೆಯಲ್ಲಿ ರಕ್ತವಿದ್ದಲ್ಲಿ, ಉಸಿರಾಟದ ತೊಂದರೆಯಿದ್ದಲ್ಲಿ ಅಥವಾ ಒಂದೇ ವಾರದಲ್ಲಿ ಒಂದಕ್ಕಿಂತ ಹೆಚ್ಚು ಕೋಳಿಗಳು ಸತ್ತಲ್ಲಿ ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ 1962 ಸಹಾಯವಾಣಿಯನ್ನು ಸಂಪರ್ಕಿಸಬೇಕು. ಸತ್ತ ಕೋಳಿಯನ್ನು ಎಸೆಯದೆ, ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅದೇ ದಿನ ಮರಣೋತ್ತರ ಪರೀಕ್ಷೆಗೆ ಒಯ್ದರೆ ಉಳಿದ ಕೋಳಿಗಳನ್ನು ಉಳಿಸಿಕೊಳ್ಳಲು ಸಾಧ್ಯವಾಗುತ್ತದೆ.